ಬಾವು ಬಾರದ ಕೈ

ಅಕ್ಟೋಬರ್ ೭, ಸೋಮವಾರ. ಮಾನ್ವಿ

ಇವತ್ತು ಮೊಮ್ಮಗಳಿಗೆ ನಾನೇ ಎರೆದೆ. ಇಷ್ಟು ದಿನ ನರ್ಸಿಂಗ್ ಹೋಮಿನ ಹುಡುಗಿ ಹೇಳಿಕೊಟ್ಟಂತೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದನ್ನೇ ಸ್ನಾನ ಎಂದುಕೊಂಡಿದ್ದಳು ನನ್ನ ಮಗಳು ಉಮಾಶ್ರೀ. ಅದು ಸ್ನಾನವೇ? ಮೇಜು ಒರೆಸಿದ ಹಾಗೆ.

ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹದವಾದ ಬಿಸಿನೀರು ಹೊಯ್ದು, ಕೊನೆಗೆ ಮೂಗು ಊದಿದೆ. ಎರಡೂ ಹೊಳ್ಳೆ, ಎರಡೂ ಕಿವಿ, ಆಮೇಲೆ ನೆತ್ತಿ. ಬಾಯಿ ಹತ್ತಿರ ಇಟ್ಟು ಊದಿದರೆ ಒಳಗಿನ ನೀರು, ಸಿಂಬಳ ಎಲ್ಲ ಹೊರಗೆ ಬರುತ್ತದೆ. ನಮ್ಮವ್ವ ಕಲಿಸಿದ್ದು. ಈ ಓಣಿಯಲ್ಲಿ ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದೆ ಎಂಬುದನ್ನು ಮರೆತವರು ಇರಬಹುದು, ಬಸವಂತಮ್ಮ ಎರೆದ ಕೂಸಿಗೆ ನೆಗಡಿ ಆಗುವುದಿಲ್ಲ ಎಂಬುದನ್ನು ಮರೆತವರಿಲ್ಲ.

ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಜಡಿದಿದ್ದೇನೆ. ಉಮಾಶ್ರೀಯ ಗೊಣಗಾಟ ಶುರುವಾಗಿದೆ. "ಯವ್ವಾ, ಉಸಿರು ಕಟ್ಟಿದಂಗ ಆಗಾಕತ್ತದ. ಒಂದೀಟ ಕಿಟಕಿ ತಗಿ ಬೇ."

"ಬಾಣಂತಿಗಿ ಗಾಳಿ ಬಡದ್ರ ಮುಂದ ಸೊಂಟ ಹಿಡಿತದ. ಸುಮ್ನ ಮಲಗು" ಎಂದೆ. ನಾನೂ ಅದೇ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಮಲಗುತ್ತೇನೆ. ತಾಯಿ ಮಗು ಇಬ್ಬರನ್ನೂ ಇವಳ ಕೈಗೆ ಬಿಟ್ಟರೆ ಆದಂತೆಯೇ.

ಎರೆದು ಎದ್ದಾಗ ಕಣ್ಣು ಕತ್ತಲೆ ಬಂತು. ಎಪ್ಪತ್ತೊಂದು ವರ್ಷ, ಬಾರದೆ ಇನ್ನೇನು.

ಅಕ್ಟೋಬರ್ ೨೦, ರವಿವಾರ

ರಂಜಾನಬಿ ಪಾತ್ರೆ ತೊಳೆಯುವುದು ಬಿಟ್ಟು ಬಚ್ಚಲ ಬಾಗಿಲಲ್ಲಿ ನಿಂತು ನಾನು ಎರೆಯುವುದನ್ನೇ ನೋಡುತ್ತಿದ್ದಳು. ನಮ್ಮ ಮನೆಯ ಮುಸುರೆ, ಬಟ್ಟೆ ಎಲ್ಲ ಅವಳದೇ. ಉಮಾಶ್ರೀ ಗಿಡ್ಡ ಲಂಗದಲ್ಲಿ ಓಡಾಡುತ್ತಿದ್ದಾಗಿನಿಂದ ಇದ್ದಾಳೆ. ಕೊನೆಗೆ ಬಾಯಿ ಬಿಟ್ಟಳು.

"ಟೀಚರಮ್ಮಾರ, ನನ್ನ ಮಗಳೂ ಬಾಣಂತನಕ್ಕ ಬಂದಾಳಲ್ರೀ. ನಿಮ್ಮ ಕೈಗುಣ ಛಲೋ ಅದ. ನನ್ನ ಮಮ್ಮಗಗೂ ನೀವ ಎರದ್ರ..."

"ತಗೊಂಡ ಬಾ. ಒಂದು ಕೂಸಿಗಿ ಕಾಸಿದ ನೀರಾಗ ಇನ್ನೊಂದು ಕೂಸಿಗಿ ಆಗ್ತದ" ಎಂದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು.

ಹುಡುಗನ ಹೆಸರು ಜಹೀರುದ್ದೀನ್. ಅಂಗೈ ಅಗಲದ ಮುಖ, ಹೆಸರು ಮಾತ್ರ ನಿಜಾಮನ ಆಸ್ಥಾನದ್ದು. ಮೂಗು ಊದಿದರೆ ನಗುತ್ತಾನೆ, ಕಳ್ಳ. ಇಷ್ಟು ವರ್ಷ ನಾನು ಎರೆದ ಉಳಿದ ಕೂಸುಗಳೆಲ್ಲ ಕಿರುಚಿದ್ದವು.

ಲೋಬಾನದ ಹೊಗೆಗೆ ಗಂಟಲು ಕೆರೆಯುತ್ತಿದೆ. ಈ ವರ್ಷದ ಲೋಬಾನವೇ ಕಲಬೆರಕೆ.

ನವೆಂಬರ್ ೧೫, ಶುಕ್ರವಾರ

ತೊಟ್ಟಿಲ ಕಾರ್ಯ ಮುಗಿಯಿತು. ಹೆಸರು ನೀಲಾಂಬಿಕಾ. ದೇವದುರ್ಗದಿಂದ ಬೀಗರು ಎರಡು ಗಾಡಿ ತುಂಬ ಬಂದಿದ್ದರು. ಅಳಿಯ ಕೊಟ್ರೇಶ ಪಾಪ, ಮಗಳ ಮುಖ ನೋಡುತ್ತಾ ಊಟವನ್ನೇ ಮರೆತ. ಅವನ ತಾಯಿ ಶಿವಗಂಗಾ ಹಾಗಲ್ಲ, ಕಣ್ಣು ಎಲ್ಲ ಕಡೆ ಹರಿಯುತ್ತದೆ.

"ಏನ್ರೀ ಬೀಗತಿ, ಹಿಂಗ್ಯಾಕ ಸೊರಗೀರಿ? ಬಾಣಂತಿಗಿ ಮಾಡಿದ ಅಂಟಿನುಂಡಿ ನೀವೂ ಎರಡು ತಿನ್ರಿ" ಎಂದಳು, ಹತ್ತು ಜನರ ಮುಂದೆ. ಮೈ ಹಿಡಿಯಷ್ಟಾಯಿತು. ಬಾಣಂತನ ಮಾಡಲು ನಮಗೆ ಶಕ್ತಿ ಇಲ್ಲ ಎಂದು ಚುಚ್ಚಿದ್ದು ಅದು. ನಗುತ್ತಲೇ "ವಯಸ್ಸಾತಲ್ರೀ" ಎಂದೆ.

ಬಳೆ ಮಾತ್ರ ನಿಜವಾಗಿ ಸಡಿಲವಾಗಿವೆ. ಎರೆಯುವಾಗ ಜಾರಿ ಕೂಸಿನ ಹಣೆಗೆ ಬಡಿಯುತ್ತವೆ. ದಾರ ಕಟ್ಟಿಕೊಂಡಿದ್ದೇನೆ. ರೊಟ್ಟಿ ಒಂದು ತಿನ್ನುವುದೂ ಸಾಕಾಗುತ್ತಿದೆ, ಜೋಳವೇ ರುಚಿ ಇಲ್ಲ ಈ ಸಲ.

ಡಿಸೆಂಬರ್ ೯

ನೀಲಾ ಎರಡು ದಿನದಿಂದ ಸರಿಯಾಗಿ ಹಾಲು ಕುಡಿಯುತ್ತಿಲ್ಲ. ಮೈ ಬೆಚ್ಚಗಿದೆ. ದೃಷ್ಟಿ ತೆಗೆದೆ. ಶಿವಗಂಗಾಳ ಕಣ್ಣೇ ಇರಬೇಕು.

ಡಿಸೆಂಬರ್ ೧೪, ಶನಿವಾರ. ರಾಯಚೂರು

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಾನ್ವಿಯ ಡಾಕ್ಟರು ಕೈಚೆಲ್ಲಿ ಇಲ್ಲಿಗೆ ಕಳಿಸಿದರು. ಕೂಸು ಅಳುವುದನ್ನೂ ಬಿಟ್ಟಿದೆ. ಪಕ್ಕೆ ಒಳಕ್ಕೆ ಎಳೆದುಕೊಂಡು ಉಸಿರಾಡುತ್ತದೆ. ಮಕ್ಕಳ ಡಾಕ್ಟರು ಅನ್ನಪೂರ್ಣ ಎಂಬ ಹೆಣ್ಣುಮಗಳು, ನಮ್ಮ ಕಡೆಯವಳೇ. "ಮನ್ಯಾಗ ಯಾರಿಗರ ಕೆಮ್ಮು ಅದ ಏನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಗಂಟಲ ಕೆರೆತ ಕೆಮ್ಮು ಹೇಗಾಗುತ್ತದೆ?

ಡಿಸೆಂಬರ್ ೧೮

ಕ್ಷಯ.

ಎದೆಯ ಫೋಟೋದಲ್ಲಿ ರಾಗಿ ಕಾಳು ಚೆಲ್ಲಿದ ಹಾಗೆ ಚುಕ್ಕೆ. ಇನ್ನೂ ಮೂರು ತಿಂಗಳು ತುಂಬದ ಕೂಸಿಗೆ ಕ್ಷಯ! ಹುಟ್ಟಿದ ದಿನವೇ ಬಿ.ಸಿ.ಜಿ. ಹಾಕಿಸಿದ್ದೇವಲ್ಲ ಎಂದು ಕೊಟ್ರೇಶ ಕೇಳಿದ. ಆ ಲಸಿಕೆ ಛತ್ರಿ ಇದ್ದ ಹಾಗಂತೆ. ಅದು ಇದ್ದದ್ದಕ್ಕೇ ರೋಗ ಮಿದುಳಿಗೆ ಇಳಿದಿಲ್ಲದಿರಬಹುದು, ಆದರೆ ಜೋರು ಮಳೆಯಲ್ಲಿ ಛತ್ರಿ ಹಿಡಿದವರೂ ತೋಯುತ್ತಾರೆ. ಉಳಿಯುತ್ತದೆಯೇ ಎಂದು ಉಮಾಶ್ರೀ ಕೇಳಿದಳು. "ಔಷಧ ಶುರು ಮಾಡೀವಿ, ನೋಡೂಣು" ಎಂದಳು ಡಾಕ್ಟರು. ನೋಡೋಣ ಎಂಬ ಮಾತು ಇಷ್ಟು ಕೆಟ್ಟದ್ದೆಂದು ನನಗೆ ಗೊತ್ತಿರಲಿಲ್ಲ.

ಹತ್ತಿರದವರು ಯಾರೋ ಕೊಟ್ಟ ರೋಗವೇ ಇದು, ಎಲ್ಲರೂ ತೋರಿಸಿಕೊಳ್ಳಬೇಕು ಎಂದಿದ್ದಾಳೆ. ಓಣಿಯವರಿಗೆ ಫೋನಿನಲ್ಲಿ ನಿಮೋನಿಯಾ ಎಂದು ಹೇಳಿದೆ. ನಮ್ಮ ಮನೆತನದಲ್ಲಿ ಈ ರೋಗವೇ ಇಲ್ಲ. ನಾಚಿಕೆಯಿಂದ ತಲೆ ಎತ್ತುವಂತಿಲ್ಲ. ಬೀಗರ ಮುಂದೆ ಹೇಗೆ ನಿಲ್ಲಲಿ?

ಡಿಸೆಂಬರ್ ೨೧, ಶನಿವಾರ

ಮೊನ್ನೆ ಕ್ಷಯದ ಪರೀಕ್ಷೆಗೆಂದು ಎಲ್ಲರ ಮುಂಗೈಗೂ ಸೂಜಿ ಹಾಕಿದ್ದರು: ಉಮಾಶ್ರೀ, ಕೊಟ್ರೇಶ, ನಾನು, ಕೂಸನ್ನು ಎತ್ತಿಕೊಳ್ಳುತ್ತಿದ್ದಳೆಂದು ರಂಜಾನಬಿ. ಇವತ್ತು ನೋಡಿದರು. ಉಮಾಶ್ರೀಗೆ ಸ್ವಲ್ಪ ಕೆಂಪು. ಅಳಿಯನಿಗೆ ಇಲ್ಲ. ರಂಜಾನಬಿಯ ಕೈ ಮಾತ್ರ ಬಾತು ಗಟ್ಟಿಯಾಗಿ, ಕೆಂಪು ಬಿಲ್ಲೆ ಕೂರಿಸಿದ ಹಾಗೆ. ನನ್ನ ಕೈ ತೊಳೆದಿಟ್ಟ ಹರಿವಾಣ! ಸೂಜಿ ಎಲ್ಲಿ ಹಾಕಿದ್ದರೆಂದೂ ಗೊತ್ತಾಗುವುದಿಲ್ಲ.

ಗೊತ್ತಾಯಿತಲ್ಲ. ಅವಳ ತಮ್ಮ ಹೋದ ವರ್ಷ ಇದೇ ರೋಗದ ಮಾತ್ರೆ ನುಂಗುತ್ತಿದ್ದ. ಮನೆಯೊಳಗೆ ಬಿಟ್ಟುಕೊಂಡದ್ದು ನನ್ನದೇ ತಪ್ಪು.

ಕೈ ಹೇಗೇ ಇರಲಿ, ಎಲ್ಲರೂ ಎಕ್ಸ್‌ರೇ ತೆಗೆಸಬೇಕು ಎಂದು ಚೀಟಿ ಕೊಟ್ಟರು. ಆ ಕೋಣೆಯ ಬಾಗಿಲಿಗೆ ಹೋದರೆ ಒಳಗೆ ಶೇಖರ! ಐದನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಮಗ್ಗಿ ತಪ್ಪಿ ಪೆಟ್ಟು ತಿಂದವನು, ಈಗ ಮಷಿನ್ ನಡೆಸುತ್ತಾನೆ. ಇವನ ಮುಂದೆ ಸೆರಗು ಸರಿಸಿ ಕ್ಷಯದ ಫೋಟೋಗೆ ನಿಲ್ಲಬೇಕೇ? ನಾಳೆ ಇಡೀ ಮಾನ್ವಿಗೆ ಗೊತ್ತು. ಬಾವೇ ಬಾರದ ಕೈಗೆ ಫೋಟೋ ಯಾಕೆ ಎಂದು ತಿರುಗಿ ಬಂದೆ. ಉಮಾಶ್ರೀ ಕೇಳಿದ್ದಕ್ಕೆ "ಆತು, ಏನಿಲ್ಲಂತ" ಎಂದೆ.

ಡಿಸೆಂಬರ್ ೨೨, ರವಿವಾರ. ಮಾನ್ವಿ

ಬಟ್ಟೆ ಒಯ್ಯಲು ಊರಿಗೆ ಬಂದೆ. ರಂಜಾನಬಿ ಅಂಗಳ ಗುಡಿಸಿ ಕಾಯುತ್ತಿದ್ದಳು. ನಾನು ಒಳಗೆ ಕರೆಯಲಿಲ್ಲ.

"ನಿನ್ನ ಕೈ ನೋಡಿಕೊಂಡಿಯೇನು? ನಿನ್ನಿಂದ ನನ್ನ ಕೂಸು ಸಾಯಾಕತ್ತದ. ಇನ್ನ ಈ ಮನಿ ಹೊಸ್ತಿಲು ತುಳಿಬ್ಯಾಡ" ಎಂದೆ.

ಅವಳು ಕೈಯ ಬಾವನ್ನು ಸೆರಗಿನಿಂದ ಮುಚ್ಚಿಕೊಂಡು "ನನ್ನ ಮಮ್ಮಗ, ಅಮ್ಮಾರ?" ಎಂದಳು.

"ಅವನನ್ನರ ಉಳಿಸ್ಕೋ. ಮುಟ್ಟಬ್ಯಾಡ ಅವನ್ನ" ಎಂದೆ.

ಹೇಳಬೇಕಾದದ್ದೇ ಹೇಳಿದ್ದೇನೆ. ಆದರೂ ಅವಳು ಕಸಬರಿಗೆಯನ್ನು ಅದರ ಜಾಗದಲ್ಲಿ ಇಟ್ಟು ಹೋದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಬಿಸಾಡಿ ಹೋಗಿದ್ದರೆ ಸಲೀಸಾಗುತ್ತಿತ್ತು.

ಡಿಸೆಂಬರ್ ೩೦

ನೀಲಾ ಇವತ್ತು ಅತ್ತಳು! ಜೋರಾಗಿ, ಓಣಿ ಕೇಳುವಂತೆ. ಇಡೀ ವಾರ್ಡಿಗೆ ಸಕ್ಕರೆ ಹಂಚಿದೆವು. ಗಂಡಾಂತರ ದಾಟಿತು ಎಂದರು ಡಾಕ್ಟರು.

ಜನವರಿ ೧೪, ಸಂಕ್ರಾಂತಿ

ತಾಯಿ ಮಗು ಮನೆಗೆ ಬಂದಿದ್ದಾರೆ. ಕೂಸಿಗೆ ಇನ್ನೂ ತಿಂಗಳುಗಟ್ಟಲೆ ಔಷಧ ಹಾಕಬೇಕು. ಮುಸುರೆ, ಬಟ್ಟೆ ಎಲ್ಲ ನನ್ನ ಮೇಲೆ. ಹಂಡೆ ನೀರು ಎತ್ತಲು ಹೋಗಿ ಅಲ್ಲೇ ಕುಳಿತೆ. ಉಮಾಶ್ರೀ "ರಂಜಾನಕ್ಕನ್ನ ಕರೀ ಬೇ, ಆಕಿ ಎಕ್ಸ್‌ರೇದಾಗ ಏನಿಲ್ಲಂತ, ಡಾಕ್ಟ್ರು ನನಗ ಹೇಳ್ಯಾರ" ಎಂದಳು. ಎಕ್ಸ್‌ರೇಗೆ ಏನು ತಿಳಿಯುತ್ತದೆ? ಕೈಯೇ ಹೇಳಿದೆಯಲ್ಲ ಎಂದೆ. ಹೇಳುವಾಗ ಮಗಳ ಮುಖ ನೋಡಲಿಲ್ಲ.

ಎಳ್ಳು ಬೆಲ್ಲ ಪ್ರತಿ ವರ್ಷ ಮೊದಲು ಅವಳ ಕೈಗೇ ಹೋಗುತ್ತಿತ್ತು. ಈ ವರ್ಷ ಡಬ್ಬಿಯಲ್ಲೇ ಉಳಿದಿದೆ.

ಜನವರಿ ೨೭, ಸೋಮವಾರ. ರಾಯಚೂರು

ಕೂಸನ್ನು ತೋರಿಸಲು ಹೋಗಿದ್ದೆವು. ತೂಕ ಏರಿದೆ. ಡಾಕ್ಟರು ಖುಷಿಯಾಗಿ ಮಾತಾಡುತ್ತಾ ಮಾತಾಡುತ್ತಾ ನನ್ನ ಕೈ ಕಡೆ ನೋಡಿದಳು. ದಾರ ಕಟ್ಟಿದ ಬಳೆ ಮೊಣಕೈವರೆಗೆ ಏರಿದ್ದವು.

"ಅಮ್ಮಾರ, ಯಾವಾಗಿಂದ ಹಿಂಗ ಇಳದೀರಿ?"

"ವಯಸ್ಸಾತಲ್ರೀ."

"ನಿಮ್ಮ ಎಕ್ಸ್‌ರೇ ನಾ ನೋಡೇ ಇಲ್ಲಲ್ಲ. ಎಲ್ಲದ?"

ಉಮಾಶ್ರೀ ನನ್ನ ಕಡೆ ತಿರುಗಿದಳು. ಕೊಟ್ರೇಶ ತಿರುಗಿದ. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಇದು. "ತಗಸಿಲ್ಲ" ಎಂದೆ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು.

ಶೇಖರ "ಬರ್ರಿ ಟೀಚರ್" ಎಂದು ಕರೆದು, ಉಸಿರು ಹಿಡಿಯಿರಿ ಎಂದು ಮಾತ್ರ ಹೇಳಿದ. ಮತ್ತೊಂದು ಮಾತು ಕೇಳಲಿಲ್ಲ. ಇದಕ್ಕೇ ಅಂದು ತಿರುಗಿ ಹೋದೆನಲ್ಲ. ಕಫವನ್ನೂ ಕೊಟ್ಟು ಬಂದೆ.

ಜನವರಿ ೨೯, ಬುಧವಾರ. ಮಾನ್ವಿ

ನನಗಿದೆ. ಎಡ ಪುಪ್ಪುಸದ ಮೇಲ್ಭಾಗದಲ್ಲಿ ತೂತು ಬಿದ್ದಿದೆ. ಕಫದಲ್ಲಿ ತುಂಬ ಇದೆಯಂತೆ.

ಬೆಳಿಗ್ಗೆ ರಾಯಚೂರಿನಲ್ಲಿ ಇದನ್ನು ಕೇಳಿ ನನಗೆ ಸಿಟ್ಟು ಬಂತು. "ಜ್ವರ ಇಲ್ಲ, ಕೆಮ್ಮಿಲ್ಲ, ಕೈ ಬಾತಿಲ್ಲ. ನನಗ ಹೆಂಗ ಬರ್ತದ?" ಎಂದು ಡಾಕ್ಟರ ಮೇಲೇ ಏರಿ ಹೋದೆ. ಆಕೆ ಕಿಟಕಿ ತೆರೆದು, ನನಗೆ ಮಾಸ್ಕ್ ಹಾಕಿಸಿ, ಸಮಾಧಾನದಿಂದ ಹೇಳಿದಳು. ಆ ಮಾತು ಇಲ್ಲಿ ಬರೆದಿಡುತ್ತೇನೆ, ಇನ್ನೊಮ್ಮೆ ಮರೆಯಬಾರದು.

"ಸೂಜಿ ಹಾಕಿದಲ್ಲಿ ಬಾವು ಬಂತಂದ್ರ ರೋಗ ಅದ ಅಂತಲ್ರೀ. ಮೈಯೊಳಗಿನ ಕಾವಲುಗಾರ ಆ ಕ್ರಿಮಿ ಗುರ್ತು ಹಿಡದು ಕೂಗ್ಯಾನ ಅಂತ ಅರ್ಥ. ರಂಜಾನಬಿ ಮೈಯಾಗ ಅಂವ ಎಚ್ಚರ ಅದಾನ, ಕ್ರಿಮೀನ ಕಟ್ಟಿಹಾಕಿ ಕುಂತಾನ. ಕೂಸಿನ ಮೈಯಾಗ ಅಂವ ಇನ್ನಾ ಹೊಸಬ, ಕೆಲಸ ಕಲ್ತಿಲ್ಲ. ಅದಕ್ಕ ಹೊಕ್ಕಿದ್ದು ಎದಿ ತುಂಬ ಹರಡಿತು. ನಿಮ್ಮ ಮೈಯಾಗ ಅಂವ ಮುದುಕ ಆಗ್ಯಾನ, ತೂಕಡಿಸ್ತಾನ. ಕೂಗೂದಿಲ್ಲ. ಅದಕ್ಕ ಬಾವೂ ಬರಲಿಲ್ಲ, ಜ್ವರಾನೂ ಬರಲಿಲ್ಲ. ವಯಸ್ಸಾದವ್ರಿಗಿ ಬಾಳ ಸಲ ಹಿಂಗ ಸದ್ದಿಲ್ದ ಬರ್ತದ. ಹಳೇದು ಒಳಗ ಮಲಗಿದ್ದು ಎದ್ದಿರಬೇಕು. ಮನ್ಯಾಗ ಹಿಂದ ಯಾರಿಗರ ಇತ್ತೇನು?"

ಇತ್ತು. ನಾನು ಮದುವೆಯಾಗಿ ಬಂದಾಗ ನಮ್ಮ ಮಾವ ಒಳಕೋಣೆಯಲ್ಲಿ ಕೆಮ್ಮುತ್ತಾ ಮಲಗಿದ್ದರು. ಗಂಜಿ ಕುಡಿಸುತ್ತಿದ್ದವಳು ನಾನೇ. ದಮ್ಮು ಎಂದು ಹೇಳಬೇಕೆಂದು ಅತ್ತೆ ಕಲಿಸಿದ್ದರು. ಎಷ್ಟು ಚೆನ್ನಾಗಿ ಕಲಿತೆನೆಂದರೆ, ನಾನೊಬ್ಬಳೇ ಓದುವ ಈ ದಿನಚರಿಯಲ್ಲೂ ನಮ್ಮ ಮನೆತನದಲ್ಲಿ ಈ ರೋಗವೇ ಇಲ್ಲ ಎಂದು ಬರೆದೆ.

ಉಮಾಶ್ರೀ ಅಳಲಿಲ್ಲ, ಬೈಯಲಿಲ್ಲ. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದಿ ಯವ್ವಾ" ಎಂದಳು. ಅಷ್ಟೇ. ಸಂಜೆ ಕೊಟ್ರೇಶ ಬಂದು ತಾಯಿ ಮಗುವನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದ. ನೀಲಾಳನ್ನು ನಾನು ಅಂಗಳದ ಆ ತುದಿಯಿಂದ ನೋಡಿದೆ.

ಜನವರಿ ೩೦

ಬಾಣಂತಿ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಕಿಟಕಿಯ ಕಂಬಳಿ ಕಿತ್ತೆ. ಆ ಕತ್ತಲೆಯಲ್ಲಿ, ಗಾಳಿಯಿಲ್ಲದ ಕೋಣೆಯಲ್ಲಿ ಅವಳ ಮಗ್ಗುಲಲ್ಲಿ ಮಲಗಿ ಉಸಿರಾಡಿದವಳು ನಾನು. ದಿನಾ ಅವಳ ಮುಖಕ್ಕೆ ಮುಖ ಕೊಟ್ಟು ಊದಿದವಳು ನಾನು. ಬೇರೆ ಯಾರೂ ಕೂಸಿನ ಅಷ್ಟು ಹತ್ತಿರ ಬಂದಿಲ್ಲ. ಬರಲು ನಾನು ಬಿಟ್ಟೇ ಇಲ್ಲ.

ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ. ಆಗಲಿ.

ಫೆಬ್ರವರಿ ೧

ಡಾಕ್ಟರು ಫೋನ್ ಮಾಡಿದ್ದಳು. ನಿಮ್ಮ ಹತ್ತಿರ ಬಂದ ಬೇರೆ ಸಣ್ಣ ಮಕ್ಕಳು ಯಾರಾದರೂ ಇದ್ದಾರೆಯೇ, ತಡ ಮಾಡದೆ ಕಳಿಸಿ ಎಂದಳು. ಈ ವರ್ಷ ನನ್ನ ಕಾಲ ಮೇಲೆ ಮಲಗಿದ ಕೂಸುಗಳು ಎರಡೇ. ಒಂದು ನನ್ನದು.

ಒಂದು ಇದೆ ಎಂದೆ, ಹೆಸರು ಹೇಳಿದೆ. ಆರೋಗ್ಯ ಕಾರ್ಯಕರ್ತೆಯನ್ನು ಕಳಿಸಲೇ ಎಂದಳು. ಬೇಡ, ನಾನೇ ಹೇಳುತ್ತೇನೆ ಎಂದೆ. ಹೇಳಿ ಫೋನ್ ಇಟ್ಟ ಮೇಲೆ ಸಂಜೆವರೆಗೆ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗುವುದು, ತಿರುಗಿ ಬರುವುದು ಇದೇ ಆಯಿತು. ಹೇಡಿ.

ಫೆಬ್ರವರಿ ೨

ಇವತ್ತೂ ಹೋಗಲಿಲ್ಲ. ಮೂಗು ಊದಿದರೆ ನಗುತ್ತಿದ್ದನಲ್ಲ ಆ ಹುಡುಗ. ಇಡೀ ದಿನ ಅದೇ ನಗು.

ಫೆಬ್ರವರಿ ೩, ಸೋಮವಾರ

ಹೋಗಿ ಬಂದೆ. ಎಲ್ಲ ಬರೆಯುತ್ತೇನೆ.

ಮಾಸ್ಕ್ ಹಾಕಿಕೊಂಡು ಮಸೀದಿ ಹಿಂದಿನ ಓಣಿಗೆ ಹೋದೆ. ಇಷ್ಟು ವರ್ಷ ಅವಳು ನಮ್ಮ ಮನೆಗೆ ಬಂದಿದ್ದಾಳೆ, ನಾನು ಅವಳ ಮನೆ ನೋಡಿದ್ದು ಇವತ್ತೇ. ಯಾವ ಬಾಗಿಲು ಎಂದು ಕೇಳಬೇಕಾಯಿತು. ಅದೂ ಒಂದು ನಾಚಿಕೆ.

ರಂಜಾನಬಿ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಒಂದು ಚಾಪೆ, ದುಪ್ಪಟಿ, ಬೇರೆ ತಟ್ಟೆ, ಬೇರೆ ಲೋಟ. ನನ್ನನ್ನು ಕಂಡು ಎದ್ದು ನಿಂತಳು. ಅಭ್ಯಾಸ ಅದು, ಮರ್ಯಾದೆ ಎಂದು ತಿಳಿಯುವಷ್ಟು ಮೂರ್ಖಳಲ್ಲ ನಾನು.

"ಒಳಗ ಹೋಗ್ರಿ ಅಮ್ಮಾರ. ಮಗಳು ಅದಾಳ."

"ನಾ ಒಳಗ ಬರಬಾರದು ರಂಜಾನಬಿ. ನಿನ್ನ ಹಾಸಿಗಿ ಯಾಕ ಹೊರಗದ?"

"ನೀವ ಹೇಳಿದ್ರಲ್ರೀ, ಮಮ್ಮಗನ್ನ ಮುಟ್ಟಬ್ಯಾಡ ಅಂತ. ಅವತ್ತಿಂದ ಇಲ್ಲೇ ಮಲಗ್ತೀನಿ. ಅವನ್ನ ಎತ್ತಿಕೊಂಡಿಲ್ಲ."

ಮಾಗಿಯ ಚಳಿ ಇಡೀ ಅವಳು ಆ ಕಟ್ಟೆಯ ಮೇಲೆ ಮಲಗಿದ್ದಾಳೆ.

"ಡಾಕ್ಟ್ರು ನಿನಗ ಏನಿಲ್ಲ ಅಂದಿದ್ರಲ್ಲ, ಎಕ್ಸ್‌ರೇ ನೋಡಿ?" ಎಂದೆ.

"ಹೌದ್ರಿ, ಅಂದ್ರು. ಮಗಳೂ ಹೇಳಿದ್ಲು, ಅಮ್ಮೀ ಒಳಗ ಬಾ ಅಂತ. ಆದ್ರ ನೀವು ಕಲ್ತವ್ರು, ನಾಕ ಮಕ್ಕಳಿಗಿ ಬುದ್ಧಿ ಹೇಳಿದವ್ರು. ನೀವು ಸುಮ್ನ ಅಂತೀರೇನು ಅನ್ಕೊಂಡೆ." ಮುಂಗೈ ಚಾಚಿ ತೋರಿಸಿದಳು. ಬಾವು ಇಳಿದು ಕಪ್ಪು ಕಲೆಯಷ್ಟೇ ಉಳಿದಿತ್ತು. "ಇದು ಇಳಿದ್ರೂ ನನಗ ಧೈರ್ಯ ಬರಲಿಲ್ಲ."

ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

"ನಿನ್ನಿಂದಲ್ಲ. ನನ್ನಿಂದ. ರೋಗ ನನಗದ. ನೀಲಾಗ ನಾನ ಕೊಟ್ಟೀನಿ. ನಿನ್ನ ಮಮ್ಮಗಗೂ ನಾನ ಎರದೀನಿ, ನಾನ ಊದೀನಿ. ಅವನ್ನ ನಾಳೆ ರಾಯಚೂರಿಗಿ ತೋರಸಬೇಕು. ಕೊಟ್ರೇಶಗ ಹೇಳೀನಿ, ಗಾಡಿ ತರ್ತಾನ. ತಪ್ಪಾತು ನಂದು" ಎಂದೆ. ಮಾಸ್ಕಿನೊಳಗೆ ಕಣ್ಣೀರು ಇಳಿದು ಬಾಯಿಗೆ ಬಂತು.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಅವಳು ನನ್ನ ಮುಖವನ್ನೇ ನೋಡುತ್ತಾ "ನನ್ನಿಂದ ಅಲ್ಲ?" ಎಂದಳು. "ಖರೇನ ನನ್ನಿಂದ ಅಲ್ಲ?"

"ಅಲ್ಲ."

ಒಳಗೆ ಓಡಿದಳು. ಮಗಳು ಏನೋ ಕೂಗಿದ್ದು ಕೇಳಿಸಿತು. ಹೊರಬಂದಾಗ ಜಹೀರ ಅವಳ ಎದೆಗೆ ಅಂಟಿಕೊಂಡಿದ್ದ. ದುಂಡಗಾಗಿದ್ದಾನೆ, ಕಣ್ಣು ಚುರುಕಾಗಿವೆ, ಅಲ್ಲಾನೋ ಶಿವನೋ ಕಾಯಲಿ. ಅವನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತಳು ರಂಜಾನಬಿ. ನನಗೆ ತಿಳಿಯದೆಯೇ ಒಂದು ಹೆಜ್ಜೆ ಮುಂದೆ ಹೋಗಿದ್ದೆನೆಂದು ಕಾಣುತ್ತದೆ.

"ಅಲ್ಲೇ ನಿಂದರ್ರಿ" ಎಂದಳು.

ನಿಂತೆ.

ಫೆಬ್ರವರಿ ೪, ಮಂಗಳವಾರ

ಕೊಟ್ರೇಶ ಸಂಜೆ ಫೋನ್ ಮಾಡಿದ. ಜಹೀರನ ಎದೆ ಸ್ವಚ್ಛವಾಗಿದೆ. ಮುಂದೆ ಬಾರದಂತೆ ಔಷಧ ಕೊಟ್ಟಿದ್ದಾರೆ, ಕೆಲವು ತಿಂಗಳು ಹಾಕಬೇಕು. ಕಿಟಕಿ ಕಟ್ಟೆಯ ಮೇಲೆ ತಲೆಯಿಟ್ಟು ಅತ್ತೆ.

ಹೋಗುವಾಗಲೂ ಬರುವಾಗಲೂ ಗಾಡಿಯಲ್ಲಿ ರಂಜಾನಬಿ ಕೂಸನ್ನು ಮಗಳ ಕೈಗೂ ಕೊಡಲಿಲ್ಲವಂತೆ. ಎಕ್ಸ್‌ರೇ ಕೋಣೆಯಲ್ಲಿ ಶೇಖರ "ಒಂದು ನಿಮಿಷ ಬಿಡವ್ವಾ" ಎಂದು ಬೇಡಿಕೊಳ್ಳಬೇಕಾಯಿತಂತೆ. ಅಳಿಯ ನಗುತ್ತಾ ಹೇಳಿದ.

"ನಗಬ್ಯಾಡಪ್ಪಾ" ಎಂದೆ.